‘ಬೇಡ’ ಅನ್ನುವ ಗೆಳತಿ

ಆಟಿ ತಿಂಗಳ ಕೊನೆಯ ವಾರ ಬಂತೆಂದರೆ ಪೆರ್ಡೂರು, ಹಿರಿಯಡ್ಕ, ಹೆಬ್ರಿ ಕಡೆಯ ಹೊಸ ಮದುಮಕ್ಕಳ ಫೋನಿಗೆ ಪುರುಸೊತ್ತಿಲ್ಲ. ಸೋಣ ಸಂಕ್ರಮಣ ಹತ್ತಿರವಾಗಿರುತ್ತದೆ. ಆಗಸ್ಟ್ ನಡುವಿಗೆ ಬರುವ ಆ ದಿನ ಪೆರ್ಡೂರಿನ ಅನಂತಪದ್ಮನಾಭ ದೇವಸ್ಥಾನದಲ್ಲಿ ಮದುಮಕ್ಕಳ ಜಾತ್ರೆ. ಹೊಸದಾಗಿ ಮದುವೆಯಾದ ಜೋಡಿಗಳು ಬಂದು, ದರ್ಶನ ಮಾಡಿ, ಬಾಳೆಹಣ್ಣಿನ ಸೇವೆ ಸಲ್ಲಿಸಿ ಹೋಗುವುದು ವಾಡಿಕೆ. ಇಲ್ಲಿಯ ದೇವರು ಕದಳೀಪ್ರಿಯ. ಹಾಗಾಗಿ ದೇವರಿಗೆ ಏನು ಕೊಡಬೇಕು ಎಂಬುದರಲ್ಲಿ ಯಾರಿಗೂ ಗೊಂದಲವಿಲ್ಲ. ತಾವು ಏನು ಉಡಬೇಕು ಎಂಬಲ್ಲಿ ಮಾತ್ರ ತಕರಾರು.

ಧಾರೆ ಸೀರೆಯನ್ನೇ ಉಟ್ಟರೆ ‘ಅದೇನಾ?’ ಎಂದು ಕೇಳುವವರಿದ್ದಾರೆ. ಹೊಸತು ಬೇಕು. ಆಟಿಯೆಂದು ಹುಡುಗಿ ತವರಿನಲ್ಲಿದ್ದಾಳೆ, ಹುಡುಗ ಬೆಂಗಳೂರಲ್ಲೋ ದುಬೈಯಲ್ಲೋ ಕೆಲಸದಲ್ಲಿದ್ದಾನೆ. ಈಚೀಚೆಗೆ ಅವನ ಶರ್ಟು ಅವಳ ಸೀರೆಗೆ ಮ್ಯಾಚ್ ಆಗಬೇಕೆಂಬುದೂ ಒಂದು ಶಾಸ್ತ್ರವಾಗಿಬಿಟ್ಟಿದೆ. ಹೊರಗೆ ಬಿಡದೆ ಸುರಿಯುವ ಮಳೆ. ಹಿರಿಯಡ್ಕ, ಪರ್ಕಳ, ಮಣಿಪಾಲ ದಾಟಿ ಉಡುಪಿಯ ಜವಳಿ ಅಂಗಡಿಗಳನ್ನು ಸುತ್ತಿ ಬರುವುದೆಂದರೆ ಅರ್ಧ ದಿನದ ಕೆಲಸ. ಹಾಗಾಗಿ ಸೀರೆಯೂ ಶರ್ಟೂ ಫೋನಿನಲ್ಲೇ. ಫೋನಿನಲ್ಲಿ ಎಂದ ಮೇಲೆ ವಾಟ್ಸಾಪ್ ಗುಂಪಿನಲ್ಲಿ. ಹೈಸ್ಕೂಲಿನ ಇಬ್ಬರು, ಕಾಲೇಜಿನ ಇಬ್ಬರು, ಜತೆಗೊಬ್ಬಳು ಅತ್ತಿಗೆ. ಅಲ್ಲಿಯ ಮಾತು ಸಾಮಾನ್ಯವಾಗಿ ಹೀಗೆ ಸಾಗುತ್ತದೆ:

“ಇದು ಹೇಗುಂಟು?”

“ಸೂಪರ್!”

“ಭಾರಿ ಚಂದ ಉಂಟು ಮಾರಾಯ್ತಿ, ತಗೊ.”

“ಹೌದೌದು, ಸೂಪರ್.”

ಅಷ್ಟು ಹೊತ್ತಿಗೆ ಕಾರ್ಕಳದಲ್ಲಿ ಟೀಚರಾಗಿರುವವಳು ಸಂಜೆ ಬಸ್ಸು ಹತ್ತಿ ಫೋನು ತೆರೆಯುತ್ತಾಳೆ. “ಬೇಡ ಮಾರಾಯ್ತಿ. ಅದು ಟಿಶ್ಯೂ. ಒಮ್ಮೆ ಕೂತು ಎದ್ರೆ ಮುದ್ದೆ ಆಗ್ತದೆ. ಅಷ್ಟು ಜನದ ಎಡೆಯಲ್ಲಿ ನಿಂತು ಸೇವೆ ಮಾಡಿಸಿ ಬರುವಾಗ ಹೇಗಾಗಿರ್ತದೆ ಯೋಚನೆ ಮಾಡು. ಮಳೆ ಬಂದ್ರಂತೂ ಕತೆಯೇ ಮುಗೀತು.”

ಕೂಡಲೇ ಉಳಿದವರೂ ತಿರುಗುತ್ತಾರೆ. “ಹೌದು, ನಂಗೂ ಹಾಗೇ ಅನಿಸಿತ್ತು.” ಅನಿಸಿದ್ದರೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಬಾರದು. ಗುಂಪಿನಲ್ಲಿ ಯಾರಿಗೂ ಮೊದಲು ಅನಿಸುವುದಿಲ್ಲ.

ಇದನ್ನು ತಮಾಷೆಗೆ ಹೇಳುತ್ತಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ 1951ರಲ್ಲಿ ಪ್ರಕಟಿಸಿದ ಪ್ರಯೋಗ ಪಠ್ಯಪುಸ್ತಕಗಳಲ್ಲಿ ಇಂದಿಗೂ ಇದೆ. ಒಂದು ಗೆರೆ ತೋರಿಸಿ, ಇದರಷ್ಟೇ ಉದ್ದದ ಗೆರೆ ಈ ಮೂರರಲ್ಲಿ ಯಾವುದು ಎಂದು ಕೇಳುವುದು. ಮಕ್ಕಳೂ ಹೇಳಬಹುದಾದ ಉತ್ತರ. ಆದರೆ ಕೋಣೆಯಲ್ಲಿದ್ದವರ ಪೈಕಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಆಶ್ ಮೊದಲೇ ಹೇಳಿಕೊಟ್ಟು ಕೂರಿಸಿದವರು. ಬೇಕೆಂದೇ ತಪ್ಪು ಉತ್ತರ ಕೊಡುತ್ತಾರೆ. ಪಾಪದ ಆ ಒಬ್ಬನಿಗೆ ಕಣ್ಣಿಗೆ ಕಾಣುವುದು ಒಂದು, ಕಿವಿಗೆ ಕೇಳುವುದು ಇನ್ನೊಂದು. ಹೀಗೆ ಪರೀಕ್ಷೆಗೆ ಒಳಗಾದವರಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ಒಮ್ಮೆಯಾದರೂ ತಪ್ಪಿಗೆ ಹೂಂಗುಟ್ಟಿದರು. ನಮ್ಮ ಸೀರೆಯ ಕತೆಗೆ ಬೇಕಾದದ್ದು ಮುಂದಿನದು. ಉಳಿದವರ ಪೈಕಿ ಒಬ್ಬನೇ ಒಬ್ಬ ಬೇರೆ ಉತ್ತರ ಕೊಟ್ಟರೆ ಸಾಕು, ಹೀಗೆ ತಲೆಯಾಡಿಸುವುದು ತಟ್ಟನೆ ಕಡಿಮೆಯಾಗುತ್ತಿತ್ತು. ಉತ್ತರವನ್ನು ಗುಟ್ಟಾಗಿ ಬರೆದುಕೊಡಲು ಹೇಳಿದರೂ ಅಷ್ಟೆ. ಸೀರೆಯ ಫೋಟೊವನ್ನು ಗುಂಪಿಗೆ ಹಾಕುವುದಕ್ಕಿಂತ ನಾಲ್ಕು ಮಂದಿಗೆ ಬೇರೆ ಬೇರೆಯಾಗಿ ಕಳಿಸುವುದು ಮೇಲು ಎಂದು ನಾನು ಹೇಳುವುದು ಇದಕ್ಕೇ. ಆಗ ಬರುವ ನಾಲ್ಕು ಉತ್ತರ ನಿಜವಾಗಿಯೂ ನಾಲ್ಕಾಗಿರುತ್ತವೆ.

ಬಟ್ಟೆಯನ್ನು ಒಬ್ಬರೇ ಹೋಗಿ ತರುವ ಕ್ರಮ ನಮ್ಮಲ್ಲಿ ಯಾವತ್ತೂ ಇರಲಿಲ್ಲ. ಮದುವೆಗೆ ಜವಳಿ ತೆಗೆಯುವುದೆಂದರೆ ಎರಡೂ ಮನೆಯವರು ಸೇರಿ ಒಂದು ಜೀಪು ತುಂಬ ಹೊರಡುವುದು. ಅದರಲ್ಲೊಬ್ಬರು ಅತ್ತೆ ಇರಲೇಬೇಕು. ಅವರಿಗೆ ಬಣ್ಣದ ಬಗ್ಗೆ ಅಭಿಪ್ರಾಯವಿಲ್ಲ. ಸೆರಗಿನ ತುದಿಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಎರಡು ಸಲ ಉಜ್ಜುತ್ತಾರೆ. ನೀರಿಗೆ ಬಿದ್ದರೆ ಇದು ನಿಲ್ಲುತ್ತದೋ ಇಲ್ಲವೋ ಎಂದು ಅಷ್ಟರಲ್ಲೇ ಗೊತ್ತಾಗುತ್ತದೆ. ಹಾಸಿಗೆಯ ಮೇಲೆ ಸೀರೆ ಹರಡುವ ಅಂಗಡಿಯಾತನೂ ಮದುಮಗಳ ಮುಖ ನೋಡುವುದನ್ನು ಬಿಟ್ಟು ಅತ್ತೆಯ ಬೆರಳನ್ನೇ ನೋಡುತ್ತಿರುತ್ತಾನೆ.

ದೂರದಿಂದ ಬಟ್ಟೆ ತರಿಸುವುದೂ ಹೊಸತಲ್ಲ. ಕರಾವಳಿಯ ಪ್ರತಿ ಊರಿಗೂ ಒಂದು ಬೊಂಬಾಯಿ ಇತ್ತು. ಹೋಟೆಲಿನಲ್ಲೋ ಆಫೀಸಿನಲ್ಲೋ ದುಡಿಯುವ ಅಣ್ಣ, ಮಾವ ರಜೆಗೆ ಬರುವಾಗ ಟ್ರಂಕಿನಲ್ಲಿ ನೈಲೆಕ್ಸ್ ಸೀರೆ, ಟೆರಿಲಿನ್ ಶರ್ಟು ಪೀಸು ಬರುತ್ತಿದ್ದವು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೆ ಆ ಟ್ರಂಕು ಇನ್ನಷ್ಟು ದೊಡ್ಡದಾಯಿತು. ಕೊಲ್ಲಿ ದೇಶದ ಟ್ರಂಕೂ ಜತೆಗಿತ್ತು. ಕಾಗದದಲ್ಲಿ ‘ಅಕ್ಕನಿಗೆ ನೀಲಿ, ತಂಗಿಗೆ ಕೆಂಪು’ ಎಂದು ಬರೆದರೆ ಸಾಕು, ಬಟ್ಟೆ ಆರಿಸುತ್ತಿದ್ದುದು ಬೊಂಬಾಯಿಯ ಅತ್ತಿಗೆ. ಅವಳಿಗೆ ಇಲ್ಲಿಯವರ ಮೈಕಟ್ಟು ಗೊತ್ತು, ಬಣ್ಣ ಗೊತ್ತು, ಯಾವ ನೇಮಕ್ಕೆ ಯಾರು ಎಂಥದ್ದು ಉಡುತ್ತಾರೆಂಬುದೂ ಗೊತ್ತು. ಇನ್ನು ಅಂಚೆಯಲ್ಲಿ ವಿ.ಪಿ.ಪಿ. ಇತ್ತು. ಪೇಪರಿನ ಜಾಹೀರಾತು ನೋಡಿ ಕಾರ್ಡು ಬರೆದರೆ ಪೋಸ್ಟ್‌ಮ್ಯಾನ್ ಪೊಟ್ಟಣ ತಂದು, ಹಣ ಎಣಿಸಿಕೊಂಡು ಕೊಡುತ್ತಿದ್ದ. ಇಂದಿನ ಕ್ಯಾಶ್ ಆನ್ ಡೆಲಿವರಿಯ ಅಜ್ಜ ಅದು. ವ್ಯತ್ಯಾಸ ಇಷ್ಟೇ, ವಿ.ಪಿ.ಪಿ.ಯಲ್ಲಿ ತರಿಸಿದ ಸ್ವೆಟರು ಬಿಗಿಯಾದರೆ ತಮ್ಮನಿಗೆ ಹೋಗುತ್ತಿತ್ತು, ಕಂಪನಿಗೆ ವಾಪಸ್ ಹೋಗುತ್ತಿರಲಿಲ್ಲ.

ಬೆಂಗಳೂರಿನಲ್ಲಿ 2007ರಲ್ಲಿ ಫ್ಲಿಪ್‌ಕಾರ್ಟ್ ಹುಟ್ಟಿದಾಗ ಮಾರಿದ್ದು ಪುಸ್ತಕ. ಅದೇ ವರ್ಷ ಅದೇ ಊರಿನಲ್ಲಿ ಶುರುವಾದ ಮಿಂತ್ರಾ ಮಾರಿದ್ದು ಹೆಸರು ಅಚ್ಚು ಹಾಕಿದ ಕಪ್ಪು, ಟೀ ಶರ್ಟಿನಂಥ ಉಡುಗೊರೆ ಸಾಮಾನು. ಪುಸ್ತಕಕ್ಕೆ ಸೈಜಿಲ್ಲ, ಯಾರ ಮೈಗೂ ಸರಿಯಾಗುತ್ತದೆ. ಬಟ್ಟೆಗೆ ಕೈ ಹಾಕಿದ ಮೇಲೆ ಕಂಪನಿಗಳಿಗೆ ಅತ್ತೆಯ ಬೆರಳು ಎಷ್ಟು ಬೆಲೆಬಾಳುವುದೆಂದು ತಿಳಿಯಿತು. 2014ರಲ್ಲಿ ಫ್ಲಿಪ್‌ಕಾರ್ಟ್ ಮಿಂತ್ರಾವನ್ನೇ ಕೊಂಡುಕೊಂಡಿತು. ಮರುವರ್ಷ, 2015ರ ಆಗಸ್ಟಿನಲ್ಲಿ, ತನ್ನ ಆ್ಯಪಿನೊಳಗೆ ‘ಪಿಂಗ್’ ಎಂಬ ಸೌಕರ್ಯ ತಂದಿತು. ನೋಡುತ್ತಿರುವ ಕುರ್ತಾವನ್ನು ಅಲ್ಲೇ ಎಳೆದು ಗೆಳತಿಯ ಮುಂದೆ ಹಾಕಿ ‘ಹೇಗಿದೆ?’ ಎಂದು ಹರಟೆ ಹೊಡೆಯಬಹುದಿತ್ತು. ಕಲ್ಪನೆ ಚೆನ್ನಾಗಿತ್ತು. ಆದರೆ ವರ್ಷ ತುಂಬುವ ಮೊದಲೇ ಪಿಂಗ್ ಮುಚ್ಚಿತು. ನನಗೆ ಅನಿಸುವ ಕಾರಣ ಸರಳವಾದದ್ದು. ಗೆಳತಿಯರು ಆಗಲೇ ವಾಟ್ಸಾಪಿನಲ್ಲಿ ಜಗಲಿ ಹಾಕಿ ಕೂತಿದ್ದರು. ಅಂಗಡಿಯವನು ತನ್ನ ಅಂಗಡಿಯಲ್ಲೊಂದು ಬೆಂಚು ಹಾಕಿಸಿದ ಮಾತ್ರಕ್ಕೆ ಅವರು ಎದ್ದು ಬರಬೇಕೇಕೆ? ಅಂಗಡಿಯವನ ಎದುರು ಅಂಗಡಿಯವನ ಮಾಲನ್ನು ಹಳಿಯುವುದಕ್ಕೆ ಒಂದು ಮುಜುಗರವೂ ಇದೆಯಲ್ಲ.

ಇದನ್ನು ಸರಿಯಾಗಿ ಗ್ರಹಿಸಿದ್ದು ಮೀಶೋ. ಐಐಟಿ ದಿಲ್ಲಿಯಲ್ಲಿ ಓದಿದ ಇಬ್ಬರು 2015ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಕಂಪನಿ. ಗೆಳತಿಯನ್ನು ಆ್ಯಪಿಗೆ ಕರೆಯುವ ಬದಲು ಅವರು ಆ್ಯಪನ್ನೇ ಗೆಳತಿಯ ಕೈಗೆ ಕೊಟ್ಟರು. ಸೀರೆ, ಕುರ್ತಿ, ನೈಟಿಗಳ ಫೋಟೊವನ್ನು ಅವಳು ತನ್ನ ಗುಂಪಿಗೆ ಹಾಕುವುದು, ಕಂಪನಿ ಹೇಳಿದ ಬೆಲೆಯ ಮೇಲೆ ತನ್ನ ಲಾಭ ಸೇರಿಸುವುದು, ಆರ್ಡರು ಬಂದರೆ ವ್ಯತ್ಯಾಸದ ಹಣ ಅವಳಿಗೆ. ಅಂಗಡಿ ಬಾಡಿಗೆ ಇಲ್ಲ, ಬಂಡವಾಳ ಇಲ್ಲ. ಬೀಡಿ ಕಟ್ಟುವ ಕೆಲಸ ಕಡಿಮೆಯಾಗುತ್ತ ಬಂದ ನಮ್ಮ ಕಡೆಯ ಹೆಂಗಸರಿಗೆ ಮನೆಯಲ್ಲೇ ಕೂತು ನಾಲ್ಕು ಕಾಸು ನೋಡುವ ದಾರಿ. ಫ್ಲಿಪ್‌ಕಾರ್ಟ್ ಕೂಡ 2021ರಲ್ಲಿ ‘ಶಾಪ್ಸಿ’ ಎಂದು ಅದೇ ದಾರಿ ಹಿಡಿಯಿತು. ಆಮೇಲೆ ಮೀಶೋ ನೇರ ಗಿರಾಕಿಯತ್ತಲೇ ಹೆಚ್ಚು ಹೊರಳಿತು, ಅದು ಬೇರೆ ಮಾತು. ಅಷ್ಟರಲ್ಲಿ ಊರೂರಿನ ಗುಂಪುಗಳಲ್ಲಿ ಬಟ್ಟೆ ಮಾರುವ ಅಕ್ಕಂದಿರು ತಯಾರಾಗಿಯಾಗಿತ್ತು. ಸ್ವಸಹಾಯ ಸಂಘದ ಮೀಟಿಂಗಿನಲ್ಲಿ ಸಾಲದ ಕಂತು ಕಟ್ಟಿದ ಮೇಲೆ ಹೊಸ ನೈಟಿಯ ಫೋಟೊ ನೋಡುವುದು ಈಗ ಅಜೆಂಡಾದಲ್ಲಿ ಇಲ್ಲದ ಅಜೆಂಡಾ.

ಇಲ್ಲಿಯೇ ನನಗೆ ಸ್ವಲ್ಪ ಬಿಕ್ಕಟ್ಟು. ಹೆಂಗಸೊಬ್ಬಳು ದುಡಿಯುವುದು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಟ್ಟೆಯ ವಿಷಯದಲ್ಲಿ ಗೆಳತಿಯಿಂದ ಆಗಬೇಕಾದ ಮುಖ್ಯ ಕೆಲಸ ‘ಬೇಡ’ ಅನ್ನುವುದು. ಚಂದ ಉಂಟು ಅನ್ನಲು ಫೋಟೊದ ಕೆಳಗೆ ಯಾರೋ ಬರೆದ ನೂರು ಅಭಿಪ್ರಾಯಗಳಿವೆ. ‘ನಿನಗೆ ಆ ಕುತ್ತಿಗೆ ಆಗುವುದಿಲ್ಲ’, ‘ಕಳೆದ ವರ್ಷ ಇಂಥದ್ದೇ ತೆಗೆದು ಒಮ್ಮೆಯೂ ಹಾಕಲಿಲ್ಲ ನೀನು’, ‘ನಿನ್ನ ಅತ್ತೆ ಮನೆಯಲ್ಲಿ ಕಪ್ಪು ಅಂದ್ರೆ ಆಗುದಿಲ್ಲ, ಸುಮ್ಮನೆ ಯಾಕೆ?’ ಎನ್ನಲು ಗೆಳತಿಯೇ ಬೇಕು. ಕಮಿಷನ್ ಇರುವವಳ ಬಾಯಿಂದ ಈ ಮಾತು ಹೊರಡುವುದಿಲ್ಲ. ಹೊರಟರೆ ಅವಳ ವ್ಯಾಪಾರ ನಡೆಯುವುದಿಲ್ಲ. ಅಕ್ಕ ಬೇಸರ ಮಾಡಿಕೊಂಡಾಳು ಎಂದು ಬೇಡದ ಬೆಡ್‌ಶೀಟು ತೆಗೆದವರು ನಮ್ಮಲ್ಲಿ ಎಷ್ಟಿಲ್ಲ! ಉಪಾಯವೆಂದರೆ ಮಾರುವವಳು ಒಬ್ಬಳಿರಲಿ, ಕೇಳುವವಳು ಇನ್ನೊಬ್ಬಳಿರಲಿ.

ಇನ್ನು ಗೆಳತಿಯಾದವಳಿಗೆ ತಿಳಿದಿರಬೇಕಾದ ಸಂಗತಿಗಳು. ಕುರ್ತಿಯ ಅಳತೆಪಟ್ಟಿಯಲ್ಲಿ ಮೀಡಿಯಂ ಎಂದರೆ ಸಾಮಾನ್ಯವಾಗಿ 38 ಇಂಚು, ಲಾರ್ಜ್ 40, ಎಕ್ಸ್ಎಲ್ 42. ಆದರೆ ಆ 38 ಯಾವುದರ ಅಳತೆ? ಕೆಲವು ಕಂಪನಿ ಮೈಯ ಎದೆಸುತ್ತಳತೆ ಹೇಳುತ್ತದೆ, ಕೆಲವು ಹೊಲಿದ ಬಟ್ಟೆಯ ಸುತ್ತಳತೆ ಹೇಳುತ್ತದೆ. ಮೈ 38 ಇದ್ದವಳು ಬಟ್ಟೆ 38 ಇರುವುದನ್ನು ತರಿಸಿದರೆ ಕೈ ಮೇಲೆತ್ತಿ ಬಸ್ಸಿನ ಸರಳು ಹಿಡಿಯಲಿಕ್ಕಿಲ್ಲ. ತನಗೆ ಸರಿಯಾಗಿರುವ ಹಳೆಯ ಕುರ್ತಿಯೊಂದನ್ನು ಚಾಪೆಯ ಮೇಲೆ ಹಾಸಿ, ಕಂಕುಳಿಂದ ಕಂಕುಳಿಗೆ ಟೇಪು ಹಿಡಿದು, ಬಂದ ಅಳತೆಯನ್ನು ಎರಡರಿಂದ ಗುಣಿಸಿ ಪಟ್ಟಿಯ ಜತೆ ಹೋಲಿಸುವುದು ಬಲ್ಲವರ ಕ್ರಮ. ಈ ಸೈಜುಗಳೂ ನಮ್ಮ ಮೈ ನೋಡಿ ಮಾಡಿದ್ದಲ್ಲ, ಪಾಶ್ಚಾತ್ಯ ಅಳತೆಯನ್ನು ಅಲ್ಲಿಷ್ಟು ಇಲ್ಲಿಷ್ಟು ತಿದ್ದಿದ್ದು. ಅದಕ್ಕಾಗಿ ಫ್ಯಾಷನ್ ಶಿಕ್ಷಣದ ನಿಫ್ಟ್ ಸಂಸ್ಥೆ ‘ಇಂಡಿಯಾಸೈಜ್’ ಎಂಬ ಸಮೀಕ್ಷೆ ಕೈಗೆತ್ತಿಕೊಂಡಿತು. ದೇಶದ ಆರು ನಗರಗಳಲ್ಲಿ 15ರಿಂದ 65 ವರ್ಷದವರೆಗಿನ 25,000 ಮಂದಿಯ ಅಳತೆಯನ್ನು ತ್ರೀಡಿ ಸ್ಕ್ಯಾನರಿನಲ್ಲಿ ತೆಗೆಯುವ ಯೋಜನೆ.

ಸೀರೆಗೆ ಸೈಜಿನ ಗೋಳಿಲ್ಲ, ಐದೂವರೆ ಮೀಟರು ಎಲ್ಲರಿಗೂ ಐದೂವರೆ ಮೀಟರೇ. ಅದರ ಗೋಳು ಬೇರೆ. ‘ಸಿಲ್ಕ್’ ಎಂದು ದೊಡ್ಡದಾಗಿ, ‘ಆರ್ಟ್’ ಎಂದು ಅದರ ಮುಂದೆ ಸಣ್ಣದಾಗಿ ಬರೆದಿರುತ್ತದೆ. ಆರ್ಟ್ ಸಿಲ್ಕ್ ಎಂದರೆ ಕಲಾತ್ಮಕ ರೇಷ್ಮೆಯಲ್ಲ, ಕೃತಕ ರೇಷ್ಮೆ. ಶುದ್ಧ ರೇಷ್ಮೆಯೆಂದು ದುಡ್ಡು ಕೊಡುವುದಾದರೆ ಕೇಂದ್ರ ರೇಷ್ಮೆ ಮಂಡಳಿಯ ಸಿಲ್ಕ್ ಮಾರ್ಕ್ ಲೇಬಲ್ ಇದೆಯೇ ಎಂದು ಕೇಳಬೇಕು. ಬಂದ ಮೇಲೆ ಅಂಚಿನ ಒಂದೆರಡು ಎಳೆ ಕಿತ್ತು ಸುಟ್ಟರೂ ತಿಳಿಯುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಬಿಟ್ಟು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಬಣ್ಣದ ಬಗ್ಗೆ ಕಂಪನಿಯ ಫೋಟೊವನ್ನು ನಂಬುವಂತಿಲ್ಲ. ಕೊಂಡವರು ತಮ್ಮ ಮನೆಯ ಟ್ಯೂಬ್‌ಲೈಟಿನ ಕೆಳಗೆ ತೆಗೆದು ಹಾಕಿದ ಮಂಕು ಫೋಟೊವೇ ಹೆಚ್ಚು ಸತ್ಯವಂತ.

ಯಾವ ಅಳತೆಪಟ್ಟಿಯಲ್ಲೂ ಇಲ್ಲದ ಒಂದು ಸಂಗತಿ ಮಳೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಬೆಂಗಳೂರಿನ ಗೆಳತಿ ‘ದಪ್ಪ ಲಿನನ್ ತಗೊ, ಕ್ಲಾಸಾಗಿರ್ತದೆ’ ಎನ್ನುತ್ತಾಳೆ. ಅವಳ ಬಾಲ್ಕನಿಯಲ್ಲಿ ಸಂಜೆಗೆ ಒಣಗುತ್ತದೆ. ಪೆರ್ಡೂರಿನಲ್ಲಿ ಜುಲೈ ತಿಂಗಳಲ್ಲಿ ಅದು ಮೂರು ದಿನ ಹಗ್ಗದ ಮೇಲಿದ್ದು ಬೂಷ್ಟಿನ ವಾಸನೆ ಬರಿಸಿಕೊಳ್ಳುತ್ತದೆ. ರೇಯಾನ್ ಕುರ್ತಿ ಮೈಗೆ ಹಿತ, ಆದರೆ ಮೊದಲ ಒಗೆತಕ್ಕೆ ಒಂದಿಷ್ಟು ಕುಗ್ಗುತ್ತದೆ, ಒದ್ದೆಯಾದಾಗ ಭಾರ. ಬಿಳಿ ಪ್ಯಾಂಟನ್ನಂತೂ ಕೆಂಪು ಮಣ್ಣಿನ ಊರಿನವರು ದೀಪಾವಳಿಯ ಮೇಲೆ ನೋಡಿಕೊಳ್ಳಬಹುದು. ಇದನ್ನೆಲ್ಲ ಹೇಳುವವಳು ಇಲ್ಲೇ ಹತ್ತಿರದ ಹರಿಖಂಡಿಗೆಯ ಗೆಳತಿಯೇ ಹೊರತು ಮಿಂತ್ರಾದ ಮಾಡೆಲ್ ಅಲ್ಲ. ಬಿರುಬೇಸಗೆಗೆ ಏನು ಎಂದು ಕೇಳಿದರೆ ನಾನೊಂದು ಉತ್ತರ ಕೊಡಬಲ್ಲೆ. 2016ರಲ್ಲಿ ಜಿಐ ಮಾನ್ಯತೆ ಪಡೆದ ಉಡುಪಿ ಸೀರೆ. ತೆಳು ಹತ್ತಿ, ಸಣ್ಣ ಬುಟ್ಟಾ, ಎದ್ದು ಕಾಣುವ ಅಂಚು. ನೇಯುವವರು ಬೆರಳೆಣಿಕೆಗೆ ಇಳಿದಿದ್ದಾಗ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರಿ ಸಂಘ ಮತ್ತು ಕದಿಕೆ ಟ್ರಸ್ಟ್ ಸೇರಿ ಮಗ್ಗದ ಸದ್ದನ್ನು ಮರಳಿ ತಂದವು. ಅದನ್ನು ಉಟ್ಟವಳನ್ನು ‘ಎಲ್ಲಿಂದ ತೆಗೆದದ್ದು?’ ಎಂದು ಇನ್ನೊಬ್ಬಳು ಕೇಳಿಯೇ ಕೇಳುತ್ತಾಳೆ. ಅದರಷ್ಟು ಒಳ್ಳೆಯ ಜಾಹೀರಾತು ಯಾವುದಿದೆ?

ಆರ್ಡರು ಒತ್ತುವುದು ಇನ್ನೊಂದು ಕಲೆ. ಫ್ಲಿಪ್‌ಕಾರ್ಟ್, ಅಮೆಜಾನ್ ಎರಡೂ 2020ರಲ್ಲಿ ಕನ್ನಡಕ್ಕೆ ಬಂದವು. ಆದರೂ ನಾಲ್ಕು ಮನೆಗೆ ಒಬ್ಬಳು ಹುಡುಗಿ ಆರ್ಡರಿನವಳೆಂದೇ ಹೆಸರಾಗಿರುತ್ತಾಳೆ. ಆಚೆಮನೆ ಮಾಮಿಯ ನೈಟಿ, ಈಚೆಮನೆ ಅಜ್ಜನ ಬನಿಯನು, ಎಲ್ಲ ಅವಳ ಖಾತೆಯಲ್ಲಿ. ಹಾಗಾಗಿ ಆ್ಯಪಿಗೆ ಅವಳ ಬಗ್ಗೆ ಪೂರ್ತಿ ಗೊಂದಲ. ಇಪ್ಪತ್ತರ ಹುಡುಗಿಗೆ ಪಂಚೆಯನ್ನೂ ಮೊಣಕಾಲಿನ ಪಟ್ಟಿಯನ್ನೂ ತೋರಿಸುತ್ತಿರುತ್ತದೆ. ವಾಪಸ್ ಕಳಿಸಿದ್ದರ ಹಣವೂ ಅವಳ ಖಾತೆಗೇ ಬರುವುದರಿಂದ ಲೆಕ್ಕಕ್ಕೊಂದು ನೋಟ್‌ಬುಕ್ಕು ಬೇಕು. ವಿಳಾಸದ ಜಾಗದಲ್ಲಿ ‘ದೇವಸ್ಥಾನದಿಂದ ಮುಂದೆ, ಎಡಗಡೆ ಮಣ್ಣಿನ ರಸ್ತೆ, ದೈವಸ್ಥಾನದ ಹತ್ತಿರ’ ಎಂದು ಬರೆದರೂ ಡೆಲಿವರಿ ಹುಡುಗ ಫೋನು ಮಾಡಿ ಕೇಳುವುದು ಒಂದೇ, “ಅಕ್ಕ, ಪೇಟೆಯಲ್ಲಿ ಯಾರ ಅಂಗಡಿಯಲ್ಲಿ ಕೊಡ್ಲಿ?”

ಒಟಿಪಿ ಕೊಡುವುದು ಮಾತ್ರ ಪಾರ್ಸೆಲ್ ಕಣ್ಣೆದುರು ಇರುವಾಗ. ಫೋನಿನಲ್ಲಿ ‘ನಿಮ್ಮ ಪಾರ್ಸೆಲ್ ನಿಂತಿದೆ, ನಂಬರ್ ಹೇಳಿ’ ಎಂದವನಿಗಲ್ಲ. ಇನ್‌ಸ್ಟಾಗ್ರಾಮಿನ ಗುರುತಿಲ್ಲದ ಅಂಗಡಿಗೆ ಮುಂಗಡ ಕಳಿಸಿ ಸೀರೆಯೂ ಇಲ್ಲ, ಅಂಗಡಿಯೂ ಇಲ್ಲ ಎಂದಾದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಕಾನೂನೂ ಸುಮ್ಮನೆ ಕೂತಿಲ್ಲ. 2020ರ ಜುಲೈಯ ಇ-ಕಾಮರ್ಸ್ ನಿಯಮಗಳ ಪ್ರಕಾರ ಹಾಳಾದ ಮಾಲು, ಹೇಳಿದ್ದಕ್ಕೂ ಕಳಿಸಿದ್ದಕ್ಕೂ ಸಂಬಂಧವಿಲ್ಲದ ಮಾಲು ಬಂದರೆ ಮಾರಿದವರು ವಾಪಸ್ ತೆಗೆದುಕೊಳ್ಳುವುದಿಲ್ಲ ಎನ್ನುವಂತಿಲ್ಲ. ಕಂಪನಿಯ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿತೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಅಲ್ಲಿ ಆಗದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ‘ಇನ್ನು ಎರಡೇ ಪೀಸ್ ಉಳಿದಿದೆ’ ಎಂದು ಸುಳ್ಳೇ ಅವಸರ ಹುಟ್ಟಿಸುವುದನ್ನು 2023ರ ನವೆಂಬರಿನ ಮಾರ್ಗಸೂಚಿ 13 ಬಗೆಯ ಮೋಸದ ವಿನ್ಯಾಸಗಳ ಪಟ್ಟಿಗೆ ಸೇರಿಸಿದೆ. ಆದರೂ ಆ ಎರಡು ಪೀಸು ತಿಂಗಳುಗಟ್ಟಲೆ ಎರಡಾಗಿಯೇ ಉಳಿದಿರುತ್ತವೆ.

ಪೆರ್ಡೂರಿನವರಿಗೆ ಒಬ್ಬರ ವೇಷಕ್ಕೆ ಇನ್ನೊಬ್ಬರ ಕೈ ಬೇಕೆಂಬುದನ್ನು ಯಾರೂ ಕಲಿಸಬೇಕಿಲ್ಲ. ಊರಿನ ಹೆಸರಿನಲ್ಲೇ ಯಕ್ಷಗಾನ ಮೇಳವಿದೆ. ಬಣ್ಣ ಹಚ್ಚುವ ಚೌಕಿಯಲ್ಲಿ ಎಷ್ಟು ದೊಡ್ಡ ವೇಷಧಾರಿಯಾದರೂ ಕಸೆ ಸೀರೆ ಬಿಗಿಸಲು, ಬೆನ್ನ ಹಿಂದಿನ ಗಂಟು ಹಾಕಲು ಇನ್ನೊಬ್ಬ ಎಳೆದು ಹಿಡಿಯಲೇಬೇಕು. ಕನ್ನಡಿ ಮುಂಭಾಗವನ್ನಷ್ಟೇ ತೋರಿಸುತ್ತದೆ. ಫೋನಿನ ಕ್ಯಾಮೆರಾವೂ ಹಾಗೆಯೇ. ಹಿಂದಿನಿಂದ ಎಲ್ಲಿ ಸುಕ್ಕು ಬಂದಿದೆ ಎಂದು ಹೇಳಲು ಹಿಂದೆ ನಿಂತವರೇ ಬೇಕು.

ಇಷ್ಟೆಲ್ಲ ಆಗಿ, ಗುಂಪಿನ ತೀರ್ಪು ಬಂದು, ಪಾರ್ಸೆಲ್ ಬಂದು, ರಿಟರ್ನಿನ ಗಡುವು ಮುಗಿದ ಮೇಲೆ ಬಟ್ಟೆ ಹೋಗಿ ಸೇರುವುದು ಪೇಟೆಯ ಟೈಲರ್ ಅಂಗಡಿಗೆ. ರೆಡಿಮೇಡ್ ಬಂದ ಮೇಲೆ ಟೈಲರುಗಳ ಕತೆ ಮುಗಿಯಿತು ಎಂದಿದ್ದರು. ಈಗ ನೋಡಿದರೆ ಫಾಲ್, ಪಿಕೋ ಬಿಟ್ಟರೆ ಆನ್‌ಲೈನ್ ಬಟ್ಟೆಯ ಆಲ್ಟರೇಷನ್ನೇ ಅವರ ದೊಡ್ಡ ಕೆಲಸ. ಕವರಿನಿಂದ ಕುರ್ತಿ ಹೊರಗೆ ತೆಗೆಯುತ್ತಿದ್ದಂತೆ ಟೈಲರಕ್ಕ ಅದನ್ನು ಮಗುಚಿ ಒಳಗಿನ ಹೊಲಿಗೆ ನೋಡುತ್ತಾರೆ.

“ಆನ್‌ಲೈನಾ?”

“ಹೌದಕ್ಕ. ಕಂಕುಳಲ್ಲಿ ಸ್ವಲ್ಪ ಬಿಗಿ. ಬಿಡಿಸಿ ಕೊಡ್ಬಹುದಾ?”

“ಎಂತ ಬಿಡಿಸುದು? ಒಳಗೆ ಕಾಲು ಇಂಚೂ ಬಟ್ಟೆ ಇಲ್ಲ. ಈ ಸೈಜ್ ತಗೊಳ್ಳಿಕ್ಕೆ ಯಾರು ಹೇಳಿದ್ದು?”

“ಫ್ರೆಂಡ್.”

“ಅವಳಿಗೆ ಹೇಳು, ಇನ್ನು ಮುಂದೆ ಡೌಟಿದ್ರೆ ಒಂದು ಸೈಜ್ ದೊಡ್ಡದೇ ಹೇಳ್ಲಿಕ್ಕೆ. ದೊಡ್ಡದಾದ್ರೆ ನಾನು ಹಿಡಿದು ಕೊಡ್ತೇನೆ. ಸಣ್ಣದಾದ್ರೆ ನಿನ್ನ ತಂಗಿಗೆ ಕೊಡ್ಬೇಕಷ್ಟೆ.”